ಬೈಕ್ ಲಿಫ್ಟ್ ಕುಸಿಯುವುದೇಕೆ? ರಿಪೇರಿ ಎಲ್ಲಿಯವರೆಗೆ, ಬದಲಿಸುವುದು ಯಾವಾಗ?

ಬೆಳಿಗ್ಗೆ ಸೊಂಟದ ಎತ್ತರಕ್ಕೆ ಏರಿಸಿದ ಬೈಕು ಸಂಜೆ ಹೊತ್ತಿಗೆ ಮಂಡಿ ಮಟ್ಟಕ್ಕೆ ಇಳಿದಿರುತ್ತದೆ. ಯಾರೂ ಮುಟ್ಟಿಲ್ಲ, ನೆಲದ ಮೇಲೆ ಒಂದು ಹನಿ ಆಯಿಲ್ ಕೂಡ ಬಿದ್ದಿಲ್ಲ. ಇಲ್ಲವೇ ಪೆಡಲ್ ತುಳಿದು ತುಳಿದು ಕಾಲು ಸೋಲುತ್ತದೆಯೇ ಹೊರತು ಪ್ಲಾಟ್‌ಫಾರ್ಮ್ ಒಂದಿಂಚೂ ಮೇಲೇಳುವುದಿಲ್ಲ. ಹೈಡ್ರಾಲಿಕ್ ಲಿಫ್ಟ್ ಇಟ್ಟುಕೊಂಡವರಿಗೆ ಒಂದಲ್ಲ ಒಂದು ದಿನ ಇದು ಎದುರಾಗುತ್ತದೆ. ಆಗ ಹೆಚ್ಚಿನವರು ಸುಮ್ನೆ ಇನ್ನಷ್ಟು ಆಯಿಲ್ ಸುರಿದು ನೋಡುತ್ತಾರೆ, ಇಲ್ಲವೇ ನೇರವಾಗಿ ಹೊಸ ಲಿಫ್ಟಿನ ಬೆಲೆ ವಿಚಾರಿಸುತ್ತಾರೆ. ಎರಡೂ ಅವಸರದ ಕೆಲಸವೇ. ಲಿಫ್ಟಿನ ಒಳಗಿರುವ ಭಾಗಗಳು ಬೆರಳಲ್ಲಿ ಎಣಿಸುವಷ್ಟು. ಒಂದೊಂದು ಕೆಟ್ಟಾಗಲೂ ಒಂದೊಂದು ಥರದ ಲಕ್ಷಣ ಕಾಣಿಸುತ್ತದೆ. ಅದನ್ನು ಗಮನಿಸಿದರೆ ಸ್ಪ್ಯಾನರ್ ಹಿಡಿಯುವ ಮೊದಲೇ ತೊಂದರೆ ಎಲ್ಲಿದೆ ಅನ್ನುವುದು ಬಹುಪಾಲು ಗೊತ್ತಾಗಿಬಿಡುತ್ತದೆ.

ಇಲ್ಲಿ ಹೇಳುತ್ತಿರುವುದು ಕತ್ತರಿ ಕಾಲುಗಳ ಮೇಲೆ ಏಳುವ, ಕಾಲಿನಿಂದ ತುಳಿಯುವ ಲಿಫ್ಟಿನ ಬಗ್ಗೆ. ಕಂಪ್ರೆಸರ್ ಗಾಳಿಯಿಂದ ನಡೆಯುವುದಕ್ಕೂ, ಕರೆಂಟ್ ಮೋಟಾರ್ ಇರುವುದಕ್ಕೂ ಆಯಿಲ್ ಕಥೆ ಹೆಚ್ಚುಕಡಿಮೆ ಇದೇ.

ಒಳಗೆ ಏನು ನಡೆಯುತ್ತದೆ

ಪೆಡಲ್ ಬುಡದಲ್ಲಿ ಬೆರಳು ದಪ್ಪದ ಒಂದು ದಂಡ ಇರುತ್ತದೆ. ಅದು ಪ್ಲಂಜರ್. ಪ್ಲಾಟ್‌ಫಾರ್ಮನ್ನು ತಳ್ಳುವ ದಪ್ಪ ದಂಡ ರ‍್ಯಾಮ್. ಎರಡರ ನಡುವೆ ಇರುವುದು ಆಯಿಲ್. ಮುಚ್ಚಿದ ಜಾಗದಲ್ಲಿರುವ ದ್ರವವನ್ನು ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಒಂದೇ ಸಮ ಹರಡುತ್ತದೆ. 17ನೇ ಶತಮಾನದಲ್ಲಿ ಬ್ಲೇಸ್ ಪಾಸ್ಕಲ್ ಹೇಳಿದ ಈ ನಿಯಮವೇ ಲಿಫ್ಟಿಗೆ ಆಧಾರ. ಒತ್ತಡ ಒಂದೇ, ಆದರೆ ರ‍್ಯಾಮ್‌ನ ಮುಖ ದೊಡ್ಡದು. ಹಾಗಾಗಿ ಅದರ ಮೇಲೆ ಬೀಳುವ ಬಲ ಜಾಸ್ತಿ.

ಒಂದು ಲೆಕ್ಕ ಹಾಕೋಣ. ಪ್ಲಂಜರ್ ವ್ಯಾಸ 12 ಮಿ.ಮೀ., ರ‍್ಯಾಮ್ ವ್ಯಾಸ 36 ಮಿ.ಮೀ. ಅಂದುಕೊಳ್ಳಿ. ವ್ಯಾಸ ಮೂರು ಪಟ್ಟು, ಅಂದರೆ ವಿಸ್ತೀರ್ಣ ಒಂಬತ್ತು ಪಟ್ಟು. ಪೆಡಲ್ ಕೂಡ ಒಂದು ಸನ್ನೆಕೋಲು. ಅದು ನಿಮ್ಮ ಬಲವನ್ನು ಎಂಟು ಪಟ್ಟು ಮಾಡುತ್ತದೆ ಅಂತಿಟ್ಟುಕೊಂಡರೆ, 25 ಕೆಜಿ ಭಾರ ಹಾಕಿ ತುಳಿದಾಗ ಪ್ಲಂಜರ್ ಮೇಲೆ 200 ಕೆಜಿ, ರ‍್ಯಾಮ್ ಮೇಲೆ 1,800 ಕೆಜಿ ಬೀಳುತ್ತದೆ. ಆಗ ಆಯಿಲ್ ಒತ್ತಡ ಸುಮಾರು 170 ಬಾರ್. ಬೈಕಿನ ಟೈರಿನಲ್ಲಿ ಇರುವುದು ಎರಡು, ಎರಡೂವರೆ ಬಾರ್ ಅಷ್ಟೇ. ಇದು ಪುಕ್ಕಟೆ ಸಿಗುವ ಬಲವಲ್ಲ. ಪ್ಲಂಜರ್ 27 ಮಿ.ಮೀ. ಒಳಗೆ ಹೋದರೆ ರ‍್ಯಾಮ್ ಹೊರಗೆ ಬರುವುದು ಬರೀ 3 ಮಿ.ಮೀ. ಒಂದು ತುಳಿತಕ್ಕೆ ಸಾಗುವ ಆಯಿಲ್ ಸುಮಾರು 3 ಮಿ.ಲೀ. ಅದರಲ್ಲಿ ನಾಲ್ಕು ಹನಿ ಎಲ್ಲೋ ವಾಪಸ್ ಜಾರಿದರೂ ಲಿಫ್ಟ್ ಸೋತಂತೆ ಕಾಣುವುದು ಅದಕ್ಕೇ.

200 ಕೆಜಿಯ ಬೈಕಿಗೆ 1,800 ಕೆಜಿ ಬಲ ಏಕೆ ಬೇಕು ಅಂತ ಕೇಳಬಹುದು. ಕಾರಣ ಕತ್ತರಿ ಕಾಲುಗಳು. ಪ್ಲಾಟ್‌ಫಾರ್ಮ್ ಪೂರ್ತಿ ಕೆಳಗಿದ್ದಾಗ ಕಾಲುಗಳು ಹೆಚ್ಚುಕಡಿಮೆ ಮಲಗಿರುತ್ತವೆ. ರ‍್ಯಾಮ್ ಅಡ್ಡಲಾಗಿ ತಳ್ಳುತ್ತಿರುತ್ತದೆ, ಭಾರ ಮಾತ್ರ ನೇರ ಮೇಲಕ್ಕೆ ಹೋಗಬೇಕು. ಕಾಲು ನೆಲಕ್ಕೆ 10 ಡಿಗ್ರಿ ಕೋನದಲ್ಲಿದ್ದರೆ, ರ‍್ಯಾಮ್ ಪೂರ್ತಿ ಅಡ್ಡ ಮಲಗಿರುವ ಜೋಡಣೆಯಲ್ಲಿ, 300 ಕೆಜಿ ಎತ್ತಲು ಸುಮಾರು 1,700 ಕೆಜಿ ತಳ್ಳಬೇಕು. ಅದೇ 45 ಡಿಗ್ರಿ ತಲುಪಿದಾಗ 300 ಕೆಜಿ ಸಾಕು. ಈ 300ರಲ್ಲಿ ಪ್ಲಾಟ್‌ಫಾರ್ಮಿನ ಭಾರವೂ ಸೇರಿದೆ ಅನ್ನುವುದು ನೆನಪಿರಲಿ. ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಒಂದೇ 195 ಕೆಜಿ ತೂಗುತ್ತದೆ, ಹೋಂಡಾ ಗೋಲ್ಡ್ ವಿಂಗ್ ಥರದವು 350 ಕೆಜಿ ದಾಟುತ್ತವೆ. ಹಾಗಾಗಿ ಸುಸ್ತಾದ ಪಂಪ್ ಮೊದಲು ಸೋಲುವುದು ನೆಲದ ಹತ್ತಿರವೇ. ಕೈ ಕೊಟ್ಟು ಸ್ವಲ್ಪ ಎತ್ತಿದರೆ ಆಮೇಲೆ ತಾನೇ ಏರುತ್ತದೆ ಅನ್ನುವ ಲಿಫ್ಟುಗಳ ಗುಟ್ಟು ಇಷ್ಟೇ.

ಇನ್ನು ಉಳಿದಿರುವುದು ವಾಲ್ವುಗಳು. ಪ್ಲಂಜರ್ ಮೇಲೆದ್ದಾಗ ಟ್ಯಾಂಕಿನಿಂದ ಆಯಿಲ್ ಎಳೆದುಕೊಳ್ಳುವುದು ಒಳಬರುವ ವಾಲ್ವ್. ಪ್ಲಂಜರ್ ಕೆಳಗಿಳಿದಾಗ ಆ ಆಯಿಲನ್ನು ರ‍್ಯಾಮ್ ಕಡೆ ಬಿಟ್ಟು, ಹಿಂದೆ ಬರದಂತೆ ತಡೆಯುವುದು ಹೊರಹೋಗುವ ವಾಲ್ವ್. ಇಳಿಸುವಾಗ ಆಯಿಲನ್ನು ಟ್ಯಾಂಕಿಗೆ ಬಿಡುವುದು ರಿಲೀಸ್ ವಾಲ್ವ್. ಇವಲ್ಲದೆ ಮಿತಿ ಮೀರಿದ ಭಾರ ಬಿದ್ದರೆ ತಾನಾಗಿ ತೆರೆಯುವ ಓವರ್‌ಲೋಡ್ ವಾಲ್ವ್ ಒಂದು. ಸಾಮಾನ್ಯವಾಗಿ ಇವೆಲ್ಲ ಒಂದು ಉಕ್ಕಿನ ಗುಂಡು, ಅದು ಕೂರುವ ದುಂಡನೆಯ ಸೀಟ್, ಬೇಕಾದಲ್ಲಿ ಒಂದು ಸ್ಪ್ರಿಂಗ್. ಗುಂಡು ಸರಿಯಾಗಿ ಕೂತರೆ ಲಿಫ್ಟ್ ನಿಲ್ಲುತ್ತದೆ. ಕೂದಲೆಳೆಯಷ್ಟು ಕಸ ಸಿಕ್ಕಿಕೊಂಡರೂ ಇಳಿಯುತ್ತದೆ.

ಮೊದಲು ಬೈಕ್ ಇಳಿಸಿ

ಪರೀಕ್ಷೆಗೆ ಮೊದಲು ಒಂದು ಮಾತು. ಏರಿಸಿದ ಬೈಕನ್ನು ಹಿಡಿದಿಡುವುದು ಆಯಿಲ್ ಕೆಲಸ ಅಲ್ಲ, ಲಾಕ್ ಕೆಲಸ. ಹೆಚ್ಚಿನ ಲಿಫ್ಟುಗಳಿಗೆ ಕಬ್ಬಿಣದ ಸರಳೋ ಪಿನ್ನೋ ಇರುತ್ತದೆ. ಏರಿಸಿದ ಮೇಲೆ ಅದನ್ನು ಹಾಕಿ, ಭಾರ ಅದರ ಮೇಲೆ ಕೂರುವಂತೆ ಸ್ವಲ್ಪ ಇಳಿಸಬೇಕು. ಲಾಕ್ ಹಾಕದೆ ಪ್ಲಾಟ್‌ಫಾರ್ಮ್ ಕೆಳಗೆ ಕೈ ಹಾಕುವವರನ್ನು ಕಂಡರೆ ನನಗೆ ಮೈ ಜುಮ್ಮೆನ್ನುತ್ತದೆ.

ಬೈಕ್ ಮೇಲಿರುವಾಗಲೇ ಲಿಫ್ಟ್ ಕೆಟ್ಟು ಇಳಿಯದೇ ನಿಂತರೆ ಪೈಪಿನ ನಟ್ಟು, ಆಯಿಲ್ ಪ್ಲಗ್ಗು ಸಡಿಲಿಸಿ ಇಳಿಸಲು ಹೋಗಬೇಡಿ. ಮೊದಲು ಲಾಕ್ ನೋಡಿ. ಎಷ್ಟೋ ಸಲ ತೊಂದರೆ ಅಲ್ಲೇ ಇರುತ್ತದೆ. ಭಾರ ಲಾಕ್ ಮೇಲೆ ಕೂತಿದ್ದರೆ ಅದು ಕೈಗೆ ಬರುವುದಿಲ್ಲ. ಎರಡು ತುಳಿತ ತುಳಿದು ಸ್ವಲ್ಪ ಎತ್ತಿ, ಆಮೇಲೆ ಎಳೆಯಬೇಕು. ಅದಲ್ಲವಾದರೆ ಪ್ಲಾಟ್‌ಫಾರ್ಮ್ ಕೆಳಗೆ ಗಟ್ಟಿ ಸ್ಟ್ಯಾಂಡುಗಳನ್ನು ಕೊಟ್ಟು, ಬೈಕನ್ನು ಮೇಲಿನಿಂದ ಬೆಲ್ಟಿನಲ್ಲಿ ಹಿಡಿದು ಇಳಿಸಿ. ಅದಕ್ಕೆ ನಾಲ್ಕು ಜನ ಬೇಕಾದರೂ ಸರಿ. ಖಾಲಿ ಲಿಫ್ಟ್ ಮಾತ್ರ ಬಿಚ್ಚಬೇಕು.

ಇನ್ನೊಂದು, ಇದನ್ನು ಬಹಳ ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ. ಒತ್ತಡ ಇರುವಾಗ ಆಯಿಲ್ ಎಲ್ಲಿಂದ ಬರುತ್ತಿದೆ ಅಂತ ಬೆರಳಿಟ್ಟು ನೋಡಬಾರದು. ಸೂಜಿಮೊನೆಯಷ್ಟು ತೂತಿನಿಂದ ಚಿಮ್ಮುವ ಆಯಿಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗಿನಿಂದ ಇರುವೆ ಕಚ್ಚಿದಷ್ಟೇ ಗಾಯ, ಮೊದಲು ನೋವೂ ಅಷ್ಟಾಗಿ ಇರುವುದಿಲ್ಲ. ಆದರೆ ಅದಕ್ಕೆ ತಡಮಾಡದೆ ಆಪರೇಷನ್ ಬೇಕಾಗಬಹುದು, ತಡವಾದರೆ ಬೆರಳೇ ಹೋಗಬಹುದು. ಸೋರಿಕೆ ಹುಡುಕಲು ಒಂದು ರಟ್ಟಿನ ತುಂಡು ಹಿಡಿದರೆ ಸಾಕು.

ಲಕ್ಷಣ ಓದುವುದು

ಎಲ್ಲಕ್ಕಿಂತ ಸಾಮಾನ್ಯ ದೂರು ನಿಧಾನವಾಗಿ ಇಳಿಯುವುದು. ಮೊದಲು ರ‍್ಯಾಮ್ ಹೊರಬರುವ ಬಾಯಿ ನೋಡಿ. ಅಲ್ಲಿ ಸೀಲನ್ನು ಹಿಡಿದಿಡುವ ಗ್ಲ್ಯಾಂಡ್ ನಟ್ಟಿನ ಸುತ್ತ ಹಸಿಯಾಗಿದ್ದರೆ, ಧೂಳು ಅಂಟಿ ಕೆಸರಾಗಿದ್ದರೆ, ರ‍್ಯಾಮ್ ಸೀಲ್ ಸವೆದಿದೆ. ಅಲ್ಲಿ ಒಣಗಿದ್ದೂ ಲಿಫ್ಟ್ ಇಳಿಯುತ್ತಿದ್ದರೆ ಆಯಿಲ್ ಒಳಗೊಳಗೇ ಟ್ಯಾಂಕಿಗೆ ವಾಪಸ್ ಹೋಗುತ್ತಿದೆ ಅಂತ ಅರ್ಥ. ಯಾವ ದಾರಿಯಲ್ಲಿ? ಪ್ಲಾಟ್‌ಫಾರ್ಮ್ ಮೇಲೆ ಒಂದಷ್ಟು ಭಾರ ಇಟ್ಟು ಏರಿಸಿ, ಪೆಡಲನ್ನು ಅರ್ಧಕ್ಕೆ ತುಳಿದು ಕಾಲನ್ನು ಹಗುರವಾಗಿ ಇಟ್ಟುಕೊಳ್ಳಿ. ಪೆಡಲ್ ಸ್ಪ್ರಿಂಗ್‌ಗಿಂತ ಜೋರಾಗಿ ಕಾಲನ್ನು ಮೇಲಕ್ಕೆ ಒತ್ತುತ್ತಿದ್ದರೆ ಹೊರಹೋಗುವ ವಾಲ್ವ್ ಸೋರುತ್ತಿದೆ. ರ‍್ಯಾಮ್ ಕಡೆಯ ಆಯಿಲ್ ಹಿಂದೆ ಬಂದು ಪ್ಲಂಜರನ್ನು ತಳ್ಳುತ್ತಿದೆ. ಪೆಡಲ್ ಸುಮ್ಮನಿದ್ದು ಪ್ಲಾಟ್‌ಫಾರ್ಮ್ ಮಾತ್ರ ಇಳಿಯುತ್ತಿದ್ದರೆ ಅನುಮಾನ ರಿಲೀಸ್ ವಾಲ್ವ್ ಮೇಲೆ.

ರಿಲೀಸ್ ವಾಲ್ವ್ ಅಂದ ತಕ್ಷಣ ಬಿಚ್ಚಬೇಡಿ. ಅದನ್ನು ತೆರೆಯುವ ಪೆಡಲ್ ಅಥವಾ ಕೊಂಡಿ ಬಗ್ಗಿದ್ದರೆ, ತುಕ್ಕು ಹಿಡಿದು ಬಿಗಿಯಾಗಿದ್ದರೆ, ವಾಲ್ವ್ ಪೂರ್ತಿ ಮುಚ್ಚುವುದೇ ಇಲ್ಲ. ಕೊಂಡಿ ಕಳಚಿ, ವಾಲ್ವನ್ನು ಕೈಯಿಂದಲೇ ಬಿಗಿ ಮಾಡಿ ಇನ್ನೊಮ್ಮೆ ಏರಿಸಿ ನೋಡಿ. ನಿಂತರೆ ಖರ್ಚಿಲ್ಲದೆ ಕೆಲಸ ಮುಗಿಯಿತು.

ಅರ್ಧಕ್ಕೆ ಏರಿ ಅಲ್ಲಿಗೇ ನಿಲ್ಲುವುದು ಸಾಮಾನ್ಯವಾಗಿ ಆಯಿಲ್ ಕಡಿಮೆಯಾದಾಗ. ಪೆಡಲ್ ಮೆತ್ತಗಿದ್ದು, ತುಳಿದಾಗ ಒಮ್ಮೆ ಏರಿ ಒಮ್ಮೆ ಏರದಿದ್ದರೆ ಒಳಗೆ ಗಾಳಿ ಸೇರಿದೆ. ಆಯಿಲ್ ಕುಗ್ಗುವುದಿಲ್ಲ ಅನ್ನುವಷ್ಟು ಕಡಿಮೆ ಕುಗ್ಗುತ್ತದೆ, ಗಾಳಿ ಕುಗ್ಗುತ್ತದೆ. ನಿಮ್ಮ ಬಲವೆಲ್ಲ ಗಾಳಿ ಒತ್ತುವುದಕ್ಕೇ ಹೋಗುತ್ತದೆ. ಪೆಡಲ್ ಯಾವ ತಡೆಯೂ ಇಲ್ಲದೆ ಸಲೀಸಾಗಿ ಮೇಲೆ ಕೆಳಗೆ ಆಡುತ್ತಿದ್ದರೆ ಆಯಿಲ್ ಪಂಪಿಗೆ ಬರುತ್ತಲೇ ಇಲ್ಲ, ಅಥವಾ ಬಂದದ್ದು ಒಳಬರುವ ವಾಲ್ವಿನಿಂದಲೇ ಟ್ಯಾಂಕಿಗೆ ವಾಪಸ್ ಹೋಗುತ್ತಿದೆ. ಪೆಡಲ್ ತುಂಬ ಗಟ್ಟಿಯಾಗಿ, ಒಳಗಿನಿಂದ ಸುಯ್ ಎನ್ನುವ ಸದ್ದು ಬಂದರೆ ಓವರ್‌ಲೋಡ್ ವಾಲ್ವ್ ತೆರೆಯುತ್ತಿದೆ. ಭಾರ ಜಾಸ್ತಿಯಾಗಿದೆ, ಇಲ್ಲವೇ ಕತ್ತರಿ ಕಾಲಿನ ಪಿನ್ನುಗಳು ತುಕ್ಕು ಹಿಡಿದು ಸಿಕ್ಕಿಕೊಂಡಿವೆ. ಖಾಲಿ ಪ್ಲಾಟ್‌ಫಾರ್ಮೇ ಇಳಿಯಲು ಮೊಂಡುತನ ಮಾಡುತ್ತಿದ್ದರೂ ಪಿನ್ನು, ರೋಲರುಗಳಿಗೆ ಮೊದಲು ಗ್ರೀಸ್ ಹಾಕಿ.

ಓವರ್‌ಲೋಡ್ ವಾಲ್ವಿನ ಸ್ಕ್ರೂ ಒಂದು ಸುತ್ತು ಬಿಗಿ ಮಾಡಿದರೆ ಲಿಫ್ಟ್ ಏಳುತ್ತದೆ ಅನ್ನುವ ಸಲಹೆ ಕೊಡುವವರು ಎಲ್ಲ ಕಡೆ ಇದ್ದಾರೆ. ಏಳಲೂಬಹುದು. ಆದರೆ ಆ ಸ್ಕ್ರೂ ಫ್ಯಾಕ್ಟರಿಯಲ್ಲಿ ಒತ್ತಡ ಅಳೆದು ಹೊಂದಿಸಿದ್ದು. ಅದನ್ನು ಬಿಗಿ ಮಾಡಿದ ಮೇಲೆ ಮುಂದೆ ಬಗ್ಗುವುದು, ಸೀಳುವುದು ಕಬ್ಬಿಣ. ಅದನ್ನು ಮುಟ್ಟಬೇಡಿ.

ಕೈ ಹಚ್ಚುವುದು ಹೀಗೆ

ಗಾಳಿ ತೆಗೆಯುವುದರಿಂದ ಶುರು ಮಾಡಿ. ಪ್ಲಾಟ್‌ಫಾರ್ಮ್ ಪೂರ್ತಿ ಕೆಳಗಿರಲಿ. ರಿಲೀಸ್ ವಾಲ್ವ್ ತೆರೆಯಿರಿ, ಟ್ಯಾಂಕಿನ ರಬ್ಬರ್ ಪ್ಲಗ್ ತೆಗೆಯಿರಿ, ಹತ್ತು ಹದಿನೈದು ಸಲ ಚೆನ್ನಾಗಿ ತುಳಿಯಿರಿ. ಗುಳ್ಳೆಗಳು ಬರುವುದು ಕಾಣುತ್ತದೆ. ಆಮೇಲೆ ಆಯಿಲ್ ಮಟ್ಟ ನೋಡಿ. ತಯಾರಕರು ಬೇರೆ ಹೇಳದಿದ್ದರೆ ತುಂಬುವ ತೂತಿನ ಕೆಳ ಅಂಚಿನವರೆಗೆ ಇದ್ದರೆ ಸಾಕು. ಮಟ್ಟ ನೋಡುವಾಗ ರ‍್ಯಾಮ್ ಪೂರ್ತಿ ಒಳಗಿರಲೇಬೇಕು. ರ‍್ಯಾಮ್ ಹೊರಗಿದ್ದಾಗ ಟ್ಯಾಂಕ್ ಖಾಲಿಯಾದಂತೆ ಕಾಣುತ್ತದೆ. ಆಗ ತುಂಬಿದರೆ, ಇಳಿಸುವಾಗ ವಾಪಸ್ ಬರುವ ಆಯಿಲಿಗೆ ಜಾಗವಿಲ್ಲದೆ ಪ್ಲಗ್ ಹಾರಿ ನೆಲವೆಲ್ಲ ಆಯಿಲ್ ಆಗುತ್ತದೆ.

ಯಾವ ಆಯಿಲ್? ಹೈಡ್ರಾಲಿಕ್ ಜ್ಯಾಕ್ ಆಯಿಲ್. ಡಬ್ಬದ ಮೇಲೆ ವಿಜಿ 22, ವಿಜಿ 32 ಅಂತ ಇರುತ್ತದೆ. 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆಯಿಲ್ ಎಷ್ಟು ಗಟ್ಟಿ ಅನ್ನುವುದರ ಅಳತೆ ಅದು. ನಿಮ್ಮ ಲಿಫ್ಟಿನ ಪುಸ್ತಕದಲ್ಲಿ ಯಾವುದಿದೆಯೋ ಅದನ್ನೇ ಹಾಕಿ. ಬ್ರೇಕ್ ಆಯಿಲ್ ಮಾತ್ರ ಬೇಡವೇ ಬೇಡ. ಡಾಟ್ 3, ಡಾಟ್ 4 ಬ್ರೇಕ್ ಆಯಿಲುಗಳು ಗ್ಲೈಕಾಲ್‌ನಿಂದ ಮಾಡಿದವು, ಲಿಫ್ಟಿನ ಸೀಲುಗಳು ಸಾಮಾನ್ಯವಾಗಿ ನೈಟ್ರೈಲ್ ರಬ್ಬರಿನವು. ಎರಡೂ ಸೇರಿದರೆ ಸೀಲ್ ಉಬ್ಬಿ ಮೆತ್ತಗಾಗುತ್ತದೆ. ಹಳೆ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. ಮೇಲಿಂದ ಹೊಸದು ಸುರಿಯದೆ ಪೂರ್ತಿ ಬಸಿದು ಹಾಕಿ.

ಇಷ್ಟಕ್ಕೂ ನಿಲ್ಲದಿದ್ದರೆ ವಾಲ್ವ್ ಬಿಚ್ಚುವ ಸರದಿ. ಬಿಳಿ ಬಟ್ಟೆ ಹಾಸಿಕೊಳ್ಳಿ, ಪ್ರತಿ ಹಂತಕ್ಕೂ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಗುಂಡುಗಳು ಚಿಕ್ಕವು, ಉರುಳಿ ಮಾಯವಾಗುತ್ತವೆ. ಒಂದೇ ಪಂಪಿನಲ್ಲಿ ಎರಡು ಅಳತೆಯ ಗುಂಡುಗಳೂ ಇರಬಹುದು, ಅದಲುಬದಲಾದರೆ ಕಷ್ಟ. ಆಯಿಲ್ ಒರೆಸಿ, ಟಾರ್ಚ್ ಬಿಟ್ಟು ಸೀಟನ್ನು ನೋಡಿ. ಗುಂಡು ಕೂರುವ ಕಡೆ ತೆಳುವಾದ, ಮಿನುಗುವ ಒಂದು ಉಂಗುರ ಕಾಣಬೇಕು. ಆ ಉಂಗುರ ಎಲ್ಲೂ ತುಂಡಾಗಿರಬಾರದು. ಒಂದು ಕಡೆ ಕಪ್ಪು ಚುಕ್ಕೆಯೋ ಗೀರೋ ಕಂಡರೆ ಆಯಿಲ್ ಜಾರುತ್ತಿದ್ದ ದಾರಿ ಅದೇ. ಎಷ್ಟೋ ಸಲ ಅದು ಬರೀ ಕಸ, ಸೀಲಿನಿಂದ ಕಳಚಿ ಬಂದ ರಬ್ಬರ್ ಚೂರು. ಸೀಮೆಎಣ್ಣೆಯಲ್ಲಿ ತೊಳೆದು, ನೂಲು ಬಿಡದ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ. ನಿಜವಾದ ಗೀರು ಇದ್ದರೆ ಗುಂಡನ್ನು ಸೀಟಿನ ಮೇಲಿಟ್ಟು, ಅದರ ಮೇಲೆ ಹಿತ್ತಾಳೆ ಸರಳು ನೇರವಾಗಿ ಹಿಡಿದು, ಸುತ್ತಿಗೆಯಿಂದ ಒಂದೇ ಒಂದು ಹಗುರವಾದ ಏಟು ಕೊಡಿ. ಸೀಟಿಗೆ ಹೊಸ ಅಂಚು ಬೀಳುತ್ತದೆ. ಏಟು ತಿಂದ ಆ ಗುಂಡನ್ನು ಎಸೆದು ಅದೇ ಅಳತೆಯ ಹೊಸ ಗುಂಡು ಹಾಕಬೇಕು. ಇಲ್ಲಿ ಜೋರು ತೋರಿಸಿದರೆ ಸೀಟ್ ಅಗಲವಾಗಿ ಮೊದಲಿಗಿಂತ ಜಾಸ್ತಿ ಸೋರುತ್ತದೆ.

ಸೀಲ್ ಬದಲಿಸುವ ಮೊದಲು ಒಂದು ಹಳೆಯ ಕಥೆ ಗೊತ್ತಿದ್ದರೆ ಒಳ್ಳೆಯದು. ಇಂಗ್ಲೆಂಡಿನ ಜೋಸೆಫ್ ಬ್ರಾಮಾ 1795ರಲ್ಲಿ ಹೈಡ್ರಾಲಿಕ್ ಪ್ರೆಸ್ಸಿಗೆ ಪೇಟೆಂಟ್ ಪಡೆದ. ಒತ್ತಡ ಏರಿದಾಗ ರ‍್ಯಾಮ್ ಸುತ್ತ ಸೋರದಂತೆ ತಡೆಯುವುದೇ ದೊಡ್ಡ ತಲೆನೋವು. ಸೀಲ್ ಬಿಗಿ ಮಾಡಿದರೆ ರ‍್ಯಾಮ್ ಓಡುವುದಿಲ್ಲ, ಸಡಿಲಿಸಿದರೆ ಸೋರುತ್ತದೆ. ಅದಕ್ಕೆ ಪರಿಹಾರವಾಗಿ ಬಂದದ್ದು ಬಟ್ಟಲಿನಾಕಾರದ ಚರ್ಮದ ಸೀಲ್. ಬ್ರಾಮಾನ ಬಳಿ ಕೆಲಸಕ್ಕಿದ್ದ ಹೆನ್ರಿ ಮಾಡ್ಸ್‌ಲೇ ಅದನ್ನು ಯೋಚಿಸಿದ ಅನ್ನುತ್ತಾರೆ. ಆಯಿಲ್ ಒತ್ತಡವೇ ಬಟ್ಟಲಿನ ತುಟಿಯನ್ನು ಅಗಲಿಸಿ ಗೋಡೆಗೆ ಒತ್ತುತ್ತದೆ. ಒತ್ತಡ ಜಾಸ್ತಿಯಾದಷ್ಟೂ ಹಿಡಿತ ಬಿಗಿ. ಇಂದು ಚರ್ಮದ ಬದಲು ರಬ್ಬರ್, ಪಾಲಿಯುರೆಥೇನ್ ಬಂದಿದೆ, ಉಪಾಯ ಅದೇ. ಹಾಗಾಗಿ ಬಟ್ಟಲಿನ ತುಟಿ ಯಾವಾಗಲೂ ಒತ್ತಡ ಬರುವ ದಿಕ್ಕಿಗೆ ಮುಖ ಮಾಡಿರಬೇಕು. ತಿರುಗುಮುರುಗಾಗಿ ಹಾಕಿದ ಹೊಸ ಸೀಲ್ ಮೊದಲ ತುಳಿತಕ್ಕೇ ಸೋರುತ್ತದೆ. ಓ-ರಿಂಗ್ (ದುಂಡನೆಯ ರಬ್ಬರ್ ಬಳೆ) ಪಕ್ಕ ಗಟ್ಟಿಯಾದ ಬಿಳಿ ಬಳೆಯೊಂದು ಇದ್ದರೆ ಅದು ಒತ್ತಡ ಇಲ್ಲದ ಕಡೆಗೆ ಬರಬೇಕು. ರಬ್ಬರ್ ಸಂದಿಗೆ ನುಗ್ಗದಂತೆ ತಡೆಯುವುದು ಅದರ ಕೆಲಸ.

ಅಳತೆಯನ್ನು ಹಳೆ ಸೀಲಿನಿಂದ ತೆಗೆದುಕೊಳ್ಳಬೇಡಿ. ಅದು ಚಪ್ಪಟೆಯಾಗಿರುತ್ತದೆ ಇಲ್ಲವೇ ಉಬ್ಬಿರುತ್ತದೆ. ರ‍್ಯಾಮ್ ವ್ಯಾಸ, ಸೀಲ್ ಕೂರುವ ಕಾಲುವೆಯ ಅಗಲ, ಆಳ, ಇವನ್ನು ವರ್ನಿಯರ್‌ನಲ್ಲಿ ಅಳೆಯಿರಿ. ತಯಾರಕರ ಸೀಲ್ ಕಿಟ್ ಸಿಕ್ಕರೆ ಇದ್ಯಾವ ರಗಳೆಯೂ ಇಲ್ಲ. ಕೂರಿಸುವಾಗ ನಟ್ಟು ತಿರುಗುವ ಮರೆಗಳ (ಥ್ರೆಡ್) ಮೇಲೆ ಟೇಪ್ ಸುತ್ತಿ, ಸೀಲಿಗೆ ಅದೇ ಆಯಿಲ್ ಸವರಿ, ಕೈಯಿಂದಲೇ ಜಾರಿಸಿ. ಸ್ಕ್ರೂಡ್ರೈವರ್ ತುದಿ ತಾಗಿದರೆ ಸೀಲ್ ಹೋಯಿತು ಅಂತಲೇ ತಿಳಿಯಿರಿ.

ಹೊಸ ಸೀಲ್ ಹಾಕುವ ಮೊದಲು ರ‍್ಯಾಮ್ ಮೇಲೆ ಉಗುರು ಎಳೆದು ನೋಡಿ. ಉಗುರಿಗೆ ಸಿಗುವಂಥ ಗೀರು, ತುಕ್ಕಿನ ಗುಳಿ ಇದ್ದರೆ ಎಷ್ಟು ಸೀಲ್ ಹಾಕಿದರೂ ಕೆಲವೇ ದಿನದ ಆಟ. ಮೇಲಿನ ಕ್ರೋಮ್ ಲೇಪ ಹೋದ ಮೇಲೆ ಎಮರಿ ಕಾಗದದಲ್ಲಿ ಉಜ್ಜಿ ಉಪಯೋಗವಿಲ್ಲ.

ಗಾಳಿಯಿಂದ ನಡೆಯುವ ಲಿಫ್ಟಿಗೆ ಎರಡೇ ಹೆಚ್ಚುವರಿ ಮಾತು. ಮೊದಲು ಕಂಪ್ರೆಸರ್ ಒತ್ತಡ ಸಾಕಷ್ಟಿದೆಯೇ, ಗಾಳಿಯ ಜೊತೆ ನೀರು ಬರುತ್ತಿದೆಯೇ ನೋಡಿ. ಗಾಳಿ ಹೊರಹೋಗುವ ತೂತಿನಿಂದ ಆಯಿಲ್ ತುಂತುರು ಬರುತ್ತಿದ್ದರೆ ಗಾಳಿ ಕಡೆಗೂ ಆಯಿಲ್ ಕಡೆಗೂ ನಡುವಿನ ಸೀಲ್ ಹೋಗಿದೆ.

ಬದಲಿಸುವ ಲೆಕ್ಕ

ಹಾಳಾಗಿರುವುದು ಆಯಿಲ್ ಕಡೆಯೋ ಕಬ್ಬಿಣದ ಕಡೆಯೋ, ನಿರ್ಧಾರ ನಿಂತಿರುವುದು ಇದರ ಮೇಲೆ. ರ‍್ಯಾಮ್ ಗೀರು ಬಿದ್ದಿದೆ, ಪಂಪಿನ ಸೀಟುಗಳು ಸವೆದಿವೆ, ಆದರೆ ಚೌಕಟ್ಟು ಗಟ್ಟಿಯಾಗಿದೆ ಅಂದರೆ ಪಂಪ್ ಮತ್ತು ರ‍್ಯಾಮ್ ಸೇರಿದ ಜ್ಯಾಕ್ ಘಟಕವನ್ನಷ್ಟೇ ಹೊಸದು ತನ್ನಿ. ಅದನ್ನು ಕೊಳ್ಳುವಾಗ ಎಷ್ಟು ಟನ್ ಅನ್ನುವುದೊಂದನ್ನೇ ನೋಡಿದರೆ ಸಾಲದು. ರ‍್ಯಾಮ್ ಪೂರ್ತಿ ಒಳಗಿರುವಾಗ ಒಂದು ಪಿನ್ ತೂತಿನ ನಡುವಿನಿಂದ ಇನ್ನೊಂದರ ನಡುವಿನವರೆಗಿನ ಉದ್ದ, ರ‍್ಯಾಮ್ ಹೊರಬರುವ ದೂರ, ಪಿನ್ನಿನ ದಪ್ಪ, ಪೆಡಲ್ ಬರುವ ದಿಕ್ಕು, ಇಷ್ಟೂ ಹೊಂದಬೇಕು. ರ‍್ಯಾಮ್ ಜಾಸ್ತಿ ದೂರ ಚಾಚಿದರೆ ಕತ್ತರಿ ಕಾಲುಗಳನ್ನು ಅವುಗಳ ಮಿತಿಗಿಂತ ಆಚೆ ತಳ್ಳಿ ಬಗ್ಗಿಸುತ್ತದೆ. ಕಡಿಮೆ ಚಾಚಿದರೆ ಮೇಲಿನ ಲಾಕ್ ತೂತಿಗೆ ತಲುಪುವುದೇ ಇಲ್ಲ.

ಕಬ್ಬಿಣದ ಕಡೆ ಹಾಳಾಗಿದ್ದರೆ ನನ್ನ ಮಟ್ಟಿಗೆ ಮಾತು ಮುಗಿಯಿತು. ಪಿನ್ನಿನ ತೂತು ಮೊಟ್ಟೆಯಾಕಾರಕ್ಕೆ ಹಿಗ್ಗಿದೆಯೇ, ವೆಲ್ಡಿಂಗ್ ಪಕ್ಕ ಬಣ್ಣದಲ್ಲಿ ಕೂದಲಿನಂಥ ಸೀಳಿದೆಯೇ, ಕಾಲುಗಳಲ್ಲಿ ಒಂದು ಇನ್ನೊಂದಕ್ಕಿಂತ ಬಗ್ಗಿದೆಯೇ, ಏರಿಸಿದಾಗ ಪ್ಲಾಟ್‌ಫಾರ್ಮ್ ಒಂದು ಮೂಲೆಗೆ ವಾಲುತ್ತದೆಯೇ ನೋಡಿ. ಸೀಳಿನ ಮೇಲೆ ಇನ್ನೊಂದು ವೆಲ್ಡಿಂಗ್ ಎಳೆದು ನಡೆಸುವವರು ಇದ್ದಾರೆ. ಆದರೆ ಆ ಸೀಳು ಬಂದದ್ದೇಕೆ ಅನ್ನುವುದು ಅಲ್ಲೇ ಉಳಿದಿರುತ್ತದೆ, ಅಲ್ವಾ? ಅಂಥ ಲಿಫ್ಟ್ ಗುಜರಿಗೆ ಹೋಗಲಿ. ಹೊಸದು ಕೊಳ್ಳುವಾಗ ನಿಮ್ಮ ಅತಿ ಭಾರದ ಬೈಕಿಗಿಂತ ಸಾಕಷ್ಟು ಹೆಚ್ಚಿನ ಸಾಮರ್ಥ್ಯ ಇರಲಿ, ಲಾಕ್ ಹಲವು ಎತ್ತರಗಳಲ್ಲಿ ಬೀಳುವಂತಿರಲಿ. ಸೀಲ್ ಕಿಟ್ ಬಿಡಿಯಾಗಿ ಸಿಗುತ್ತದೆಯೇ ಅನ್ನುವುದನ್ನು ದುಡ್ಡು ಕೊಡುವ ಮೊದಲೇ ಕೇಳಿ.

ರಿಪೇರಿ ಆಗಲಿ, ಹೊಸ ಜ್ಯಾಕ್ ಆಗಲಿ, ಬೈಕ್ ಹತ್ತಿಸುವ ಮೊದಲು ಒಂದು ಪರೀಕ್ಷೆ ಮಾಡಿ. ಮೊದಲು ಖಾಲಿ ಲಿಫ್ಟನ್ನು ಪೂರ್ತಿ ಏರಿಸಿ ಇಳಿಸಿ, ಉಳಿದ ಗಾಳಿ ಹೊರಹೋಗಲಿ. ಆಮೇಲೆ ಬೈಕಿನಷ್ಟೇ ತೂಕದ, ಬಿದ್ದರೂ ನಷ್ಟವಿಲ್ಲದ ಭಾರ ಇಟ್ಟು ಅರ್ಧ ಎತ್ತರಕ್ಕೆ ಏರಿಸಿ. ಲಾಕನ್ನು ಸ್ವಲ್ಪ ಕೆಳಗಿನ ತೂತಿನಲ್ಲಿ ಹಾಕಿಡಿ, ಭಾರ ಅದರ ಮೇಲೆ ಕೂರದಿರಲಿ. ಆಗ ಕುಸಿದರೂ ಅಲ್ಲಿಗೇ ನಿಲ್ಲುತ್ತದೆ. ರ‍್ಯಾಮ್ ಗ್ಲ್ಯಾಂಡಿಗೆ ತಾಗುವ ಕಡೆ ಮಾರ್ಕರ್ ಪೆನ್ನಿನಲ್ಲಿ ಒಂದು ಗೆರೆ ಎಳೆದು ಅರ್ಧ ಗಂಟೆ ಬಿಟ್ಟು ನೋಡಿ. ಗೆರೆ ಇದ್ದಲ್ಲೇ ಇದ್ದು, ಸುತ್ತ ಒಣಗಿದ್ದರೆ ಬೈಕ್ ಹತ್ತಿಸಬಹುದು. ಗೆರೆ ಗ್ಲ್ಯಾಂಡ್ ಒಳಗೆ ಸರಿದಿದ್ದರೆ ಪೆಡಲ್ ಮೇಲೆ ಕಾಲಿಟ್ಟು ನೋಡುವ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ, ಯಾವ ವಾಲ್ವ್ ಇನ್ನೂ ಸೋರುತ್ತಿದೆ ಅಂತ ಹುಡುಕಿ.